ಉರ್ದು ಮಾಧ್ಯಮದಿಂದ ಪಿಯುಸಿ ವಿಜ್ಞಾನಕ್ಕೆ: ವಿಜಯಪುರದ ಒಬ್ಬ ಹುಡುಗಿಯ ಇಂಗ್ಲಿಷ್ ಪದಗಳ ಪ್ರಕರಣ

ಈ ಹುಡುಗಿ ಉರ್ದು ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು. ಗಣಿತ, ವಿಜ್ಞಾನ ಎರಡರಲ್ಲೂ ಒಳ್ಳೆಯ ಅಂಕ. ಡಾಕ್ಟರಾಗುವ ಆಸೆಯಿಂದ ಪಿಯುಸಿಗೆ ವಿಜ್ಞಾನ ತೆಗೆದುಕೊಂಡಳು. ಅಲ್ಲಿ ಪಾಠ, ಪುಸ್ತಕ, ಪ್ರಶ್ನೆಪತ್ರಿಕೆ ಎಲ್ಲ ಇಂಗ್ಲಿಷಿನಲ್ಲಿ. ಮೊದಲ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡೂ ಹೋದವು. ಜೀವಶಾಸ್ತ್ರದಲ್ಲಿ ಚಿತ್ರ ಬರೆದು ಭಾಗ ಗುರುತಿಸಿದ್ದಕ್ಕೆ ಬಂದ ಅಂಕವೊಂದೇ ಗಟ್ಟಿ. ಕಾಲೇಜಿನಲ್ಲಿ ಒಬ್ಬರು, "ಇಂಗ್ಲಿಷ್ ಶಬ್ದಾನೇ ಗೊತ್ತಿಲ್ಲ, ಕಲಾ ವಿಭಾಗಕ್ಕೆ ಹೋಗೋದು ಒಳ್ಳೇದು" ಎಂದುಬಿಟ್ಟರು. ಅದೇ ಮಾತನ್ನು ಹೊತ್ತು ಅವಳ ಅಬ್ಬಾ ಗಾಂಧಿ ಚೌಕದ ಹತ್ತಿರ ನಾನು ಇಂಗ್ಲಿಷ್ ಹೇಳಿಕೊಡುವ ಕೋಣೆಗೆ ಬಂದರು. ಅವರದು ದ್ವಿಚಕ್ರ ವಾಹನದ ಗ್ಯಾರೇಜು.

"ಅಕ್ಕೋರ, ರಾತ್ರಿ ಹನ್ನೆರಡರತನ ಓದ್ತಾಳ್ರಿ. ಓದಿದ್ದು ತಲ್ಯಾಗ ನಿಲ್ಲಂಗಿಲ್ಲ ಅಂತಾಳ. ಆರ್ಟ್ಸಿಗಿ ಹಾಕಿದ್ರ ಹ್ಯಾಂಗ್ರಿ?"

ಹುಡುಗಿಯ ಹೆಸರು, ಕಾಲೇಜಿನ ಹೆಸರು ಇಲ್ಲಿ ಬೇಡ. ಇಂಥ ಮಕ್ಕಳು ನಮ್ಮ ಊರಿನಲ್ಲಿ, ಕಲಬುರಗಿ, ಬೀದರಿನಲ್ಲಿ ಪ್ರತಿ ವರ್ಷವೂ ಸಿಗುತ್ತಾರೆ. "ಶಬ್ದ ಗೊತ್ತಿಲ್ಲ" ಎಂಬ ಒಂದೇ ಮಾತಿನಿಂದ ಅವರ ದಾರಿ ತಿರುಗಿಹೋಗುತ್ತದೆ. ಆ ಮಾತು ಎಷ್ಟು ನಿಜ ಎಂದು ಯಾರೂ ಕೂತು ನೋಡುವುದಿಲ್ಲ. ಈ ಹುಡುಗಿಯ ವಿಷಯದಲ್ಲಿ ಕೂತು ನೋಡಿದೆವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮನೆ, ಸಾಲಿ, ಬೀದಿ

ಮನೆಯಲ್ಲಿ ದಖ್ಖನಿ. "ಕಿತಾಬಾಂ", "ಲೋಗಾಂ", "ನಕ್ಕೋ", "ಕಾಯ್ಕು" ಎನ್ನುವ ನಮ್ಮೂರಿನ ಉರ್ದು. ಇದನ್ನು ಕಲಬೆರಕೆ ಎಂದು ಕಡೆಗಣಿಸುವವರು ಇದ್ದಾರೆ, ನನಗೆ ಅದು ಸಹಿಸುವುದಿಲ್ಲ. 1580ರಿಂದ 1627ರವರೆಗೆ ಇಲ್ಲಿ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ ಸ್ವತಃ ದಖ್ಖನಿಯಲ್ಲಿ ಪದ ಕಟ್ಟಿದ ದೊರೆ. ಸಾಲಿಯಲ್ಲಿ ಮಾತ್ರ ಪುಸ್ತಕದ ಉರ್ದು, ಪಾರಸಿ ಅರಬಿ ಶಬ್ದಗಳು ತುಂಬಿದ್ದು. ಬೀದಿಯಲ್ಲಿ, ಕಿರಾಣಿ ಅಂಗಡಿಯಲ್ಲಿ, ಗೆಳತಿಯರ ಜೊತೆ ಕನ್ನಡ, ಅದೂ ನನ್ನ ಹಾಗೇ ವಿಜಯಪುರದ ಕನ್ನಡ. ಇವೆಲ್ಲದರ ಮೇಲೆ ಇಂಗ್ಲಿಷ್ ಬಂದು ಕೂತಿತ್ತು.

ಆಕೆ ಒಂದು ಇಂಗ್ಲಿಷ್‌-ಉರ್ದು ಶಬ್ದಪಟ್ಟಿಯ ಪುಸ್ತಕ ಕೊಂಡು ಅಕಾರಾದಿಯಾಗಿ ಬಾಯಿಪಾಠ ಮಾಡುತ್ತಿದ್ದಳು. ಮೊದಲ ಪುಟದಲ್ಲೇ "ಅಬ್ಯಾಂಡನ್" ಎಂಬ ಶಬ್ದ, ಎದುರಿಗೆ "ತರ್ಕ್ ಕರ್ನಾ". ಮನೆಯಲ್ಲಿ ಅದಕ್ಕೆ "ಛೋಡ್ ದೇನಾ" ಎನ್ನುತ್ತಾರೆ. ಹೀಗಾಗಿ ಅರ್ಥಕ್ಕೆ ಇನ್ನೊಂದು ಅರ್ಥ ಹುಡುಕಬೇಕು. ಅಷ್ಟು ಕಷ್ಟಪಟ್ಟರೂ ಅವಳ ಭೌತಶಾಸ್ತ್ರದ ಪುಟದಲ್ಲಿ ಆ ಶಬ್ದ ಬರುವುದೇ ಇಲ್ಲ. ಪಟ್ಟಿಯಲ್ಲಿ ಎ ಅಕ್ಷರದ ಶಬ್ದಗಳು ಚೆನ್ನಾಗಿ ಬರುತ್ತಿದ್ದವು, ಸಿ ದಾಟಿದ ಮೇಲೆ ಏನೂ ಇಲ್ಲ. ಇದು ಬಹಳ ಮಕ್ಕಳ ಕಥೆ.

ಪೆನ್ಸಿಲ್ ಗೆರೆ

ಕರ್ನಾಟಕದ ಪಿಯು ವಿಜ್ಞಾನಕ್ಕೆ ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯ ಪುಸ್ತಕಗಳೇ ಪಠ್ಯ. ಬಲದ ಪಾಠದ ಒಂದು ಪುಟ ತೆರೆದು, ಗೊತ್ತಿಲ್ಲದ ಶಬ್ದದ ಕೆಳಗೆ ಗೆರೆ ಎಳೆ ಎಂದೆ. ಫೋರ್ಸ್, ಮಾಸ್, ಫ್ರಿಕ್ಷನ್, ಇನರ್ಷಿಯಾ ಇವುಗಳ ಕೆಳಗೆ ಗೆರೆ ಬೀಳುತ್ತದೆ ಎಂದುಕೊಂಡಿದ್ದೆ. ಬೀಳಲಿಲ್ಲ. ಪಾಠದ ಮುಖ್ಯ ಶಬ್ದಗಳನ್ನು ಉಪನ್ಯಾಸಕರು ಮತ್ತೆಮತ್ತೆ ಹೇಳಿ, ಹಲಗೆಯ ಮೇಲೆ ಬರೆದು, ಬಿಡಿಸಿ ಹೇಳಿರುತ್ತಾರೆ. ಗೆರೆ ಬಿದ್ದದ್ದು ಅವುಗಳ ನಡುವಿನ ಶಬ್ದಗಳಿಗೆ: ಅಸ್ಯೂಮ್, ಡಿರೈವ್, ಆಬ್ಟೇನ್, ವೇರಿ, ಅಕರ್, ಇಂಡಿಕೇಟ್, ವೇರ್ಆ್ಯಸ್, ಹೆನ್ಸ್. ಇವನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡು ಮುಂದೆ ಹೋಗುತ್ತಾರೆ. ವಾಕ್ಯವನ್ನು ಹಿಡಿದು ನಿಲ್ಲಿಸುವುದು ಇವೇ.

ಭಾಷೆ ಕಲಿಸುವವರ ವಲಯದಲ್ಲಿ ಇದು ಹಳೆಯ ತಿಳಿವಳಿಕೆ. ಢಾಕಾದಲ್ಲಿ ಕೆಲಸ ಮಾಡಿ, ಬಂಗಾಳಿ ಮಕ್ಕಳ ಇಂಗ್ಲಿಷ್ ಓದನ್ನು ಹತ್ತಿರದಿಂದ ಕಂಡಿದ್ದ ಮೈಕೇಲ್ ವೆಸ್ಟ್ ಅವರು 1953ರಲ್ಲಿ ಸುಮಾರು 2000 ಮೂಲ ಶಬ್ದಗಳ ಪಟ್ಟಿ ಹೊರತಂದರು. ಎಲ್ಲ ಬಗೆಯ ಬರಹಕ್ಕೂ ಬೇಕಾದ ಶಬ್ದಗಳು ಅವು. 2000ದಲ್ಲಿ ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ ಅವರು ಆ ಮೂಲ ಶಬ್ದಗಳನ್ನು ಬಿಟ್ಟು, ಕಾಲೇಜು ಪುಸ್ತಕಗಳಲ್ಲಿ ವಿಷಯ ಯಾವುದಾದರೂ ಮತ್ತೆಮತ್ತೆ ಬರುವ 570 ಶಬ್ದ ಕುಟುಂಬಗಳನ್ನು, ಅಂದರೆ ಒಂದೇ ಮೂಲದ ಶಬ್ದರೂಪಗಳ ಗುಂಪುಗಳನ್ನು, ಗುರುತಿಸಿದರು. ಕಾಲೇಜು ಪಠ್ಯದ ಹತ್ತರಲ್ಲಿ ಸುಮಾರು ಒಂದು ಪಾಲು ಶಬ್ದ ಈ ಗುಂಪಿನವು. ಹುಡುಗಿ ಗೆರೆ ಎಳೆದ ಅಸ್ಯೂಮ್, ಡಿರೈವ್, ಅಕರ್, ವೇರಿ, ಆಬ್ಟೇನ್, ಇಂಡಿಕೇಟ್, ವೇರ್ಆ್ಯಸ್ ಎಲ್ಲವೂ ಆ ಪಟ್ಟಿಯಲ್ಲಿವೆ. ಮಾರುಕಟ್ಟೆಯ ಶಬ್ದಪಟ್ಟಿಯ ಪುಸ್ತಕವನ್ನು ಅಂದೇ ಕಪಾಟಿಗೆ ಸೇರಿಸಿದೆವು.

ಫರ್ಜ್ ಕೀಜಿಯೆ

ನನಗೆ ದಖ್ಖನಿ ಕಿವಿಗೆ ಬರುತ್ತದೆ, ಉರ್ದು ಲಿಪಿ ಓದಲು ಬರುವುದಿಲ್ಲ. ಬಾರಾಕಮಾನ್ ಕಡೆ ಇರುವ ಒಬ್ಬ ನಿವೃತ್ತ ಉರ್ದು ಶಿಕ್ಷಕಿಯನ್ನು ಕೇಳಿಕೊಂಡೆ. ಓಣಿಯೆಲ್ಲ ಅವರನ್ನು ಆಪಾ ಎಂದೇ ಕರೆಯುತ್ತದೆ. ಅವರು ಹತ್ತನೆಯ ತರಗತಿಯ ಉರ್ದು ಗಣಿತ ಪುಸ್ತಕ ಹಿಡಿದುಕೊಂಡು ಬಂದರು.

ಹುಡುಗಿ "ಲೆಟ್ ಅಸ್ ಅಸ್ಯೂಮ್" ಎಂಬಲ್ಲಿ ನಿಂತಿದ್ದಳು. ಆಪಾ ಏನನ್ನೂ ವಿವರಿಸಲಿಲ್ಲ. ಗಣಿತ ಪುಸ್ತಕದ ಒಂದು ಪ್ರಮೇಯ ತೆರೆದು ಮೊದಲ ಸಾಲಿನ ಮೇಲೆ ಬೆರಳಿಟ್ಟರು: "ಫರ್ಜ್ ಕೀಜಿಯೆ ಕಿ...", ಅಂದರೆ ಹೀಗೆ ಎಂದುಕೊಳ್ಳಿ. ಹುಡುಗಿ ಇಂಗ್ಲಿಷ್ ಸಾಲು ನೋಡಿದಳು, ಉರ್ದು ಸಾಲು ನೋಡಿದಳು. "ಮೇಡಮ್, ಇದನ್ನ ದಿನಾ ಬರೀತಿದ್ವಲ್ರೀ!" ಎಂದಳು. ಆಮೇಲೆ ತಡವಾಗಲಿಲ್ಲ. ಆಬ್ಟೇನ್ ಎಂದರೆ "ಹಾಸಿಲ್ ಕರ್ನಾ", ಡಿರೈವ್ ಎಂದರೆ "ಅಖ್ಜ್ ಕರ್ನಾ", ಅಕರ್ ಎಂದರೆ "ವಾಕೆ ಹೋನಾ". ಎಲ್ಲವೂ ಹೈಸ್ಕೂಲಿನಲ್ಲಿ ಓದಿ ಬರೆದು ಪಳಗಿದ ಮಾತುಗಳೇ. ವಿಜ್ಞಾನದಲ್ಲಿಯೂ ಹಾಗೇ: ಗುರುತ್ವಕ್ಕೆ ಕಶಿಶ್‌-ಎ-ಸಿಕ್ಲ್, ಜಡತ್ವಕ್ಕೆ ಜಮೂದ್, ಸಾಂದ್ರತೆಗೆ ಕಸಾಫತ್, ದ್ಯುತಿಸಂಶ್ಲೇಷಣೆಗೆ ಜಿಯಾಯಿ ತಾಲೀಫ್, ಜೀವಕೋಶಕ್ಕೆ ಖಲಿಯಾ. ಪರಿಕಲ್ಪನೆ ಅವಳ ತಲೆಯಲ್ಲಿ ಭದ್ರವಾಗಿತ್ತು. ಇಂಗ್ಲಿಷ್ ಶಬ್ದಕ್ಕೂ ಅದಕ್ಕೂ ಯಾರೂ ಗಂಟು ಹಾಕಿರಲಿಲ್ಲ.

ಈ ಉರ್ದು ಪಾರಿಭಾಷಿಕಗಳ ಹಿಂದೆ ದೊಡ್ಡ ದುಡಿಮೆ ಇದೆ. 1918ರಲ್ಲಿ ಆರಂಭವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನು ಉರ್ದುವಿನಲ್ಲೇ ಕೊಡಲು ಹೊರಟಿತು. ಅದಕ್ಕೆಂದು ಹಿಂದಿನ ವರ್ಷವೇ ಭಾಷಾಂತರ ವಿಭಾಗ ತೆರೆದು, ವಿಜ್ಞಾನ, ವೈದ್ಯಕೀಯ, ಕಾನೂನಿನ ಶಬ್ದಗಳನ್ನು ಅರಬಿ ಪಾರಸಿ ಧಾತುಗಳಿಂದ ಕಟ್ಟಿತು. ಅಂಥ ಕಟ್ಟುಪದಗಳಲ್ಲಿ ಹತ್ತನೆಯ ತರಗತಿಯವರೆಗೆ ಓದಿದ ಮಗುವಿಗೆ "ನಿನಗೆ ಶಬ್ದ ಗೊತ್ತಿಲ್ಲ" ಎನ್ನುವುದು ಅನ್ಯಾಯ. ಕನ್ನಡ ಮಾಧ್ಯಮದಿಂದ ಬಂದು ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ ಬಲ್ಲ ಮಕ್ಕಳಿಗೂ ಇದೇ ಆಗುತ್ತದೆ, ಓದುಗರಲ್ಲಿ ಎಷ್ಟೋ ಜನ ಇದನ್ನು ಅನುಭವಿಸಿರುತ್ತೀರಿ.

ನಮಗೆ ಬಹಳ ಕೆಲಸಕ್ಕೆ ಬಂದ ಒಂದು ಸಂಗತಿ ಹೇಳಲೇಬೇಕು. ಎನ್‌ಸಿಇಆರ್‌ಟಿ ತನ್ನ ಹನ್ನೊಂದು, ಹನ್ನೆರಡನೆಯ ತರಗತಿಯ ವಿಜ್ಞಾನ ಪುಸ್ತಕಗಳನ್ನು ಉರ್ದುವಿನಲ್ಲಿಯೂ ಪ್ರಕಟಿಸಿದೆ, ಪಿಡಿಎಫ್ ರೂಪದಲ್ಲಿ ಪುಕ್ಕಟೆ ಸಿಗುತ್ತವೆ. ಅದೇ ಪಾಠ, ಅದೇ ಚಿತ್ರ, ಅದೇ ಉದಾಹರಣೆ. ಇತ್ತೀಚೆಗೆ ಪಠ್ಯ ಕಡಿತ ಮಾಡಿದ್ದರಿಂದ ಅಧ್ಯಾಯದ ಸಂಖ್ಯೆ ಕೆಲವು ಕಡೆ ತಾಳೆಯಾಗುವುದಿಲ್ಲ, ಹೆಸರು ನೋಡಿ ಹುಡುಕಿಕೊಳ್ಳಬೇಕು. ಹುಡುಗಿಗೆ ಹಾಕಿಕೊಟ್ಟ ಕ್ರಮ ಇಷ್ಟೇ: ನಾಳೆ ಕಾಲೇಜಿನಲ್ಲಿ ಆಗುವ ಪಾಠವನ್ನು ಇಂದು ರಾತ್ರಿ ಉರ್ದುವಿನಲ್ಲಿ ಒಮ್ಮೆ ಓದು, ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಕೇಳು, ಸಂಜೆ ಇಂಗ್ಲಿಷ್ ಪುಟ ತೆರೆ. ಇಂಗ್ಲಿಷ್ ಮುಂದಿಟ್ಟುಕೊಂಡು ಸಾಲುಸಾಲಿಗೂ ಉರ್ದು ನೋಡಬೇಡ. ಹಾಗೆ ನೋಡಿದರೆ ಕಣ್ಣು ಸುಲಭದ ಕಡೆಗೇ ಹೋಗುತ್ತದೆ, ಇಂಗ್ಲಿಷ್ ಸಾಲು ಅಲ್ಲೇ ಉಳಿಯುತ್ತದೆ.

ಪಂಕ್ಚರಿನ ಸಲೂಶನ್

ಬಳಕೆಯಲ್ಲಿರುವ ಇಂಗ್ಲಿಷ್ ಶಬ್ದಗಳು ಈ ಮನೆಯಲ್ಲಿ ಕಡಿಮೆ ಇರಲಿಲ್ಲ. ಗ್ಯಾರೇಜಿನಲ್ಲಿ ಕೂತು ಕೇಳಿದರೆ ಸಾಕು: ಕಂಪ್ರೆಸರ್, ಪ್ರೆಶರ್, ಲೀಕೇಜ್, ಅಲೈನ್‌ಮೆಂಟ್, ಸಸ್ಪೆನ್ಷನ್, ಇಗ್ನಿಷನ್, ಬೇರಿಂಗ್. ಹುಡುಗಿಗೆ ಇವೆಲ್ಲ ಸಾಮಾನಿನ ಹೆಸರುಗಳು. ಕಂಪ್ರೆಸರಿನಿಂದ ಕಂಪ್ರೆಸ್, ಕಂಪ್ರೆಷನ್ ಹುಟ್ಟುತ್ತವೆ, ಇಗ್ನಿಷನ್ನಿನಿಂದ ಇಗ್ನೈಟ್ ಎಂಬುದು ಹೊಸದಾಗಿತ್ತು. ಇದಕ್ಕೆ ಉರ್ದುವಿನ ರಚನೆಯಲ್ಲೂ ಒಂದು ಕಾರಣವಿದೆ. ಉರ್ದು ಯಾವ ಇಂಗ್ಲಿಷ್ ಶಬ್ದಕ್ಕಾದರೂ "ಕರ್ನಾ" ಹಚ್ಚಿ ಕ್ರಿಯಾಪದ ಮಾಡಿಕೊಳ್ಳುತ್ತದೆ: ಡಿಸ್ಕಸ್ ಕರ್ನಾ, ಟ್ರೈ ಕರ್ನಾ, ಅಪ್ಲೈ ಕರ್ನಾ. ನಾವು "ಮಾಡು" ಹಚ್ಚಿದ ಹಾಗೆ. ಇಂಗ್ಲಿಷ್ ಶಬ್ದದ ರೂಪ ಬದಲಿಸುವ ಪ್ರಸಂಗವೇ ಬರುವುದಿಲ್ಲ. ಅದಕ್ಕೇ ಆಕೆ ಬರವಣಿಗೆಯಲ್ಲಿ "ವಿ ಡಿಡ್ ಡಿಸ್ಕಸ್ ಆಫ್ ಎನರ್ಜಿ" ಎಂದು ಬರೆಯುತ್ತಿದ್ದಳು. ಡಿಸ್ಕಸ್ ಬೇರೆ, ಡಿಸ್ಕಷನ್ ಬೇರೆ ಎಂದು ಕೈಗೆ ಬರಬೇಕಾದರೆ ಶಬ್ದವನ್ನು ಅದರ ಕುಟುಂಬದ ಜೊತೆಗೇ ಕಲಿಯಬೇಕು.

ಬಳಕೆಯ ಶಬ್ದದಿಂದ ತೊಡಕೂ ಆಗುತ್ತದೆ. "ಟೆನ್ಷನ್" ಎಂದರೆ ಮನೆಯಲ್ಲಿ ಚಿಂತೆ. ಭೌತಶಾಸ್ತ್ರದಲ್ಲಿ ಹಗ್ಗದೊಳಗಿನ ಎಳೆತ. "ಬ್ಯಾಲೆನ್ಸ್" ಎಂದರೆ ಮೊಬೈಲಿನಲ್ಲಿ ಉಳಿದ ದುಡ್ಡು. ರಸಾಯನಶಾಸ್ತ್ರದಲ್ಲಿ ಸಮೀಕರಣದ ಎರಡೂ ಕಡೆ ಪರಮಾಣು ಸರಿದೂಗಿಸುವುದು. ಸಸ್ಪೆನ್ಷನ್ ಗಾಡಿಯಲ್ಲೂ ಇದೆ, ನೀರಿನಲ್ಲಿ ಕರಗದೆ ತೇಲುವ ಕಣಗಳ ಮಿಶ್ರಣದಲ್ಲೂ ಇದೆ. ಅರ್ಥ ಗೊತ್ತಿಲ್ಲದ ಶಬ್ದ ಬಂದರೆ ಹುಡುಗಿ ನಿಂತು ಕೇಳುತ್ತಿದ್ದಳು. ಗೊತ್ತಿದೆ ಎಂದುಕೊಂಡ ಶಬ್ದ ಬಂದರೆ ನಿಲ್ಲದೆ ಮುಂದೆ ಹೋಗುತ್ತಿದ್ದಳು, ಇಡೀ ಪ್ಯಾರಾ ತಪ್ಪು ತಿಳಿಯುತ್ತಿತ್ತು. ಇದು ಹೆಚ್ಚು ಅಪಾಯದ್ದು ಎಂದು ನನ್ನ ಅಭಿಪ್ರಾಯ.

ಅವಳ ಶಬ್ದ ನೋಟುಪುಸ್ತಕದ ಒಂದು ಪುಟ ನನ್ನ ಮುಂದಿದೆ. ಮೇಲೆ ಇಂಗ್ಲಿಷಿನಲ್ಲಿ "ಸೊಲ್ಯೂಷನ್". ಅದರ ಕೆಳಗೆ ಒಂದು ಸಣ್ಣ ಟ್ಯೂಬಿನ ಚಿತ್ರ, ಅಬ್ಬಾನ ಗ್ಯಾರೇಜಿನ ಪಂಕ್ಚರ್ ಅಂಟು. ಮೊದಲ ಸಲ ಕೇಳಿದಾಗ ಅವರು ನಕ್ಕಿದ್ದರು: "ಸಲೂಶನ್ ಅಂದ್ರ ಟ್ಯೂಬಿಗಿ ಹಚ್ಚೂದ್ರಿ ಅಕ್ಕೋರ, ಅದ್ರಾಗೇನ್ ಕೆಮಿಸ್ಟ್ರಿ?" ಚಿತ್ರದ ಪಕ್ಕ ಉರ್ದು ಲಿಪಿಯಲ್ಲಿ ಎರಡು ಶಬ್ದ. ಒಂದು "ಮಹ್ಲೂಲ್", ಅಂದರೆ ದ್ರಾವಣ. ಇನ್ನೊಂದು "ಹಲ್", ಅಂದರೆ ಲೆಕ್ಕದ ಪರಿಹಾರ. ಪ್ರತಿಯೊಂದರ ಎದುರಿಗೆ ಪಠ್ಯಪುಸ್ತಕದಿಂದಲೇ ಎತ್ತಿದ ಒಂದೊಂದು ವಾಕ್ಯ, ಪುಟ ಸಂಖ್ಯೆ ಸಮೇತ. ತಳದಲ್ಲಿ ಕುಟುಂಬ: ಸಾಲ್ವ್, ಡಿಸಾಲ್ವ್, ಸಾಲ್ಯೂಟ್, ಸಾಲ್ವೆಂಟ್, ಸಾಲ್ಯುಬಲ್. ಕೊನೆಯ ಸಾಲು ಅವಳದೇ ವಾಕ್ಯ, ಸಕ್ಕರೆ ಚಹಾದಲ್ಲಿ ಕರಗುತ್ತದೆ ಎಂದು. ವ್ಯಾಕರಣ ತಪ್ಪಿದ್ದರೆ ಕೆಂಪು ಪೆನ್ನು ಹಿಡಿಯದೆ, ಕೆಳಗೆ ಸರಿಯಾದ ವಾಕ್ಯ ಬರೆದು ಕೊಡುತ್ತಿದ್ದೆ. ದಿನಕ್ಕೆ ಇಂಥ ನಾಲ್ಕೈದು ಶಬ್ದ ಸಾಕು. ಹೆಚ್ಚಾದರೆ ಪುಟ ಬರಿ ಪಟ್ಟಿಯಾಗುತ್ತದೆ.

ಅಲ್ಜೀಬ್ರಾ, ಅಲ್ಕಲಿ, ಝೀರೊ ಮುಂತಾದ ಇಂಗ್ಲಿಷ್ ಶಬ್ದಗಳ ಬೇರು ಅರಬಿಯಲ್ಲಿದೆ ಎಂದು ಆಪಾ ಒಂದು ಸಂಜೆ ಹೇಳಿದರು. ಹುಡುಗಿಗೆ ಅದು ತುಂಬ ಹಿಡಿಸಿತು. ಇಂಗ್ಲಿಷ್ ತನಗೆ ಪೂರ್ತಿ ಪರಕೀಯವಲ್ಲ ಎನ್ನಿಸಿದ್ದು ಆ ಸಂಜೆ. ಅಂಕಕ್ಕೆ ಅದರಿಂದ ನೇರ ಉಪಯೋಗವಿಲ್ಲ, ಧೈರ್ಯಕ್ಕೆ ಇತ್ತು.

ಕನ್ನಡ ಬಂದದ್ದು ಎಲ್ಲಿ

ಉಚ್ಚಾರವನ್ನು ಹುಡುಗಿ ಪುಸ್ತಕದ ಅಂಚಿನಲ್ಲಿ ಉರ್ದು ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಉರ್ದು ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಎ, ಏ, ಆ್ಯ ಮೂರಕ್ಕೂ ಬೇರೆಬೇರೆ ಗುರುತಿಲ್ಲ. ಬ್ಯಾಟ್, ಬೆಟ್, ಬೇಟ್ ಮೂರನ್ನೂ ಉರ್ದುವಿನಲ್ಲಿ ಒಂದೇ ರೀತಿ ಬರೆಯಬೇಕಾಗುತ್ತದೆ, ಪೆನ್ನು, ನೋವಿನ ಪೇನ್ ಎರಡೂ ಒಂದೇ. ವಾರ ಬಿಟ್ಟು ತಿರುಗಿ ಓದಿದಾಗ ಯಾವುದೆಂದು ಅವಳಿಗೇ ತಿಳಿಯುತ್ತಿರಲಿಲ್ಲ. ಕನ್ನಡ ಲಿಪಿಯಲ್ಲಿ ಇವಕ್ಕೆ ಜಾಗ ಇದೆ. ಹಾಗಾದರೆ ಉಚ್ಚಾರವನ್ನು ಕನ್ನಡದಲ್ಲಿ ಬರೆಯಲಿ ಎಂದೆ.

ಆಪಾ ಒಪ್ಪಲಿಲ್ಲ. "ಈಗಿನ ಮಕ್ಕಳು ಮೊದ್ಲೇ ಉರ್ದು ಬರ್ಯೂದು ಬಿಟ್ಟಾರ ಬೇಟಿ. ನೀವೂ ಬಿಡಸ್ತೀರೇನು?" ಎಂದರು. ಅವರ ಆತಂಕ ಸುಮ್ಮನೆ ಹುಟ್ಟಿದ್ದಲ್ಲ. ಮಾತಾಡಿ ಒಂದು ಒಪ್ಪಂದಕ್ಕೆ ಬಂದೆವು: ಅರ್ಥ ಯಾವಾಗಲೂ ಉರ್ದು ಲಿಪಿಯಲ್ಲಿ, ಅವಳ ಕೈಬರಹದಲ್ಲಿ. ಉಚ್ಚಾರ ಮಾತ್ರ ಕನ್ನಡದಲ್ಲಿ. ಝ, ಫ ಧ್ವನಿಗಳಲ್ಲಿ ಉರ್ದು ಮಕ್ಕಳೇ ಮುಂದು. ಕನ್ನಡದವರು "ಜೂ" ಎನ್ನುವಲ್ಲಿ ಇವಳು ಝೂ ಎಂದು ಸರಿಯಾಗಿ ಅನ್ನುತ್ತಾಳೆ. ಅದು ಅವಳ ಭಾಷೆಯಿಂದ ಬಂದ ಬಲ ಎಂದು ತರಗತಿಯ ಎದುರಿಗೇ ಹೇಳಿದೆ. "ಇಸ್ಕೂಲ್", "ಇಸ್ಟೇಷನ್" ಎಂದು ಮೊದಲು ಇಕಾರ ಸೇರಿಸುವುದನ್ನು ನಾನು ತಿದ್ದಲು ಹೋಗಲಿಲ್ಲ. ಬರೆಯುವಾಗ ತಪ್ಪಾಗದಿದ್ದರೆ ಆಯಿತು, ನಮ್ಮ ಕಡೆ ಕನ್ನಡದ ಅಜ್ಜಂದಿರೂ ಹಾಗೇ ಅನ್ನುತ್ತಾರೆ.

ಇನ್ನೊಂದು ಕಡೆಯೂ ಕನ್ನಡವೇ ನೆರವಾಯಿತು. ಉರ್ದುವಿನಲ್ಲಿ "ಕಲ್" ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ವಾಕ್ಯದ ಕ್ರಿಯಾಪದ ನೋಡಿ ತಿಳಿಯಬೇಕು. ಹುಡುಗಿಯ ಇಂಗ್ಲಿಷಿನಲ್ಲಿ "ಟುಮಾರೋ ಸರ್ ಟುಕ್ ಟೆಸ್ಟ್" ಎಂಬಂಥ ವಾಕ್ಯ ಬರುತ್ತಿತ್ತು. ಎಷ್ಟು ಸಲ ತಿದ್ದಿದರೂ ಮರುಕಳಿಸುತ್ತಿತ್ತು. ಅವಳಿಗೆ ಬೀದಿಯ ಕನ್ನಡದಲ್ಲಿ ನಿನ್ನಿ, ನಾಳಿ ಎಂದೂ ತಪ್ಪಿಲ್ಲ. ಯಸ್ಟರ್‌ಡೇ, ಟುಮಾರೋ ಎರಡನ್ನೂ ಉರ್ದುವಿಗೆ ಕಟ್ಟುವುದು ಬಿಟ್ಟು ಕನ್ನಡಕ್ಕೆ ಕಟ್ಟಿದೆವು. ಆ ತಪ್ಪು ನಿಂತಿತು. ಯಾವ ಶಬ್ದವನ್ನು ಯಾವ ಭಾಷೆಗೆ ಕಟ್ಟಬೇಕು ಎಂಬುದನ್ನು ಮಗುವಿನ ಬಾಯಿ ನೋಡಿಯೇ ತೀರ್ಮಾನಿಸಬೇಕು, ಒಂದೇ ಭಾಷೆಗೆ ಎಲ್ಲವನ್ನೂ ಕಟ್ಟುವ ಹಠ ಬೇಡ. "ಎಕ್ಸಾಮ್ ಗಿವ್" ಎನ್ನುವುದಕ್ಕೆ ಉರ್ದುವಿನ "ಇಮ್ತಿಹಾನ್ ದೇನಾ" ಕಾರಣ. ಅಲ್ಲಿ ಕನ್ನಡಕ್ಕೆ ಕಟ್ಟಿದರೆ "ಎಕ್ಸಾಮ್ ರೈಟ್" ಆಗುತ್ತದೆ, ಅದೂ ಹೊಂದುವುದಿಲ್ಲ. "ಟೇಕ್ ಆ್ಯನ್ ಎಕ್ಸಾಮ್" ಎಂದು ಇಡಿಯಾಗಿಯೇ ಕಲಿಯಬೇಕಾಯಿತು.

ಮರೆಯದಿರಲು ಚೀಟಿಗಳು. 1972ರಲ್ಲಿ ಜರ್ಮನ್ ಭಾಷೆಯ ಲೇಖಕ ಸೆಬಾಸ್ಟಿಯನ್ ಲೈಟ್ನರ್ ಪ್ರಚಾರಕ್ಕೆ ತಂದ ಕ್ರಮ: ಬಂದ ಶಬ್ದದ ಚೀಟಿ ಮುಂದಿನ ಖಾನೆಗೆ, ಬಾರದ್ದು ಮೊದಲ ಖಾನೆಗೆ ವಾಪಸ್. ಮುಂದಿನ ಖಾನೆಗಳನ್ನು ತಡೆದು ತಡೆದು ನೋಡಬೇಕು. ಹಳೆಯ ಬಳೆ ಡಬ್ಬಿಗಳಲ್ಲಿ ಆ ಕೆಲಸ ಆಯಿತು. ಚೀಟಿ ಕೇಳುವ ಹೊಣೆ ಅಮ್ಮಿಯದು. ಅವರಿಗೆ ಇಂಗ್ಲಿಷ್ ಓದಲು ಬಾರದು. ಚೀಟಿಯ ಹಿಂದಿನ ಉರ್ದು ಓದಿ ಕೇಳುತ್ತಿದ್ದರು, ಮಗಳು ಇಂಗ್ಲಿಷ್ ಹೇಳುತ್ತಿದ್ದಳು. ಅರ್ಥ ಉರ್ದುವಿನಲ್ಲೇ ಇರಲಿ ಎಂದು ಆಪಾ ಹಿಡಿದ ಹಟದಿಂದ ಆದ ದೊಡ್ಡ ಲಾಭ ಇದು.

ವರ್ಷದ ಕೊನೆಗೆ

ಹುಡುಗಿ ವಿಜ್ಞಾನದಲ್ಲೇ ಉಳಿದಳು. ಮೊದಲ ಪಿಯುಸಿ ಪಾಸಾದಳು. ಜೀವಶಾಸ್ತ್ರ ಚೆನ್ನಾಗಿಯೇ ಆಯಿತು, ಭೌತಶಾಸ್ತ್ರ ನಡುಮಟ್ಟ. ಪ್ರಶ್ನೆಯನ್ನು ತಾನೇ ಓದಿ, ಏನು ಕೇಳಿದ್ದಾರೆ ಎಂದು ಹೇಳಬಲ್ಲಳು. ಬರೆಯುವಾಗ "ಎ", "ದಿ" ಎಲ್ಲೆಲ್ಲೋ ಬೀಳುತ್ತವೆ. ಉರ್ದುವಿನಲ್ಲೂ ಕನ್ನಡದಲ್ಲೂ ಅವು ಇಲ್ಲ, ಕಟ್ಟಲು ಗೂಟವೇ ಇಲ್ಲ. ವೇಗವಾಗಿ ಹೇಳುವ ಪಾಠ ಇನ್ನೂ ಪೂರ್ತಿ ಹಿಡಿಯುವುದಿಲ್ಲ. ಪ್ರಯೋಗಾಲಯದ ಮೌಖಿಕ ಪರೀಕ್ಷೆಯಲ್ಲಿ ಗೊತ್ತಿದ್ದ ಉತ್ತರಕ್ಕೂ ಬಾಯಿ ಬರಲಿಲ್ಲ. ಓದುವ ಶಬ್ದ ಆಡುವ ಶಬ್ದವಾಗಲು ಬೇರೆಯೇ ಅಭ್ಯಾಸ ಬೇಕು. ಈ ವರ್ಷ ಗೆಳತಿಯೊಬ್ಬಳ ಜೊತೆ ಇಂಗ್ಲಿಷಿನಲ್ಲೇ ಪ್ರಯೋಗ ವಿವರಿಸುವ ಅಭ್ಯಾಸ ಆರಂಭಿಸಿದ್ದಾಳೆ.

ಈಗಿನ ಪ್ರಶ್ನೆ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ ಅರ್ಜಿಯದು. 2018ರಿಂದ ನೀಟ್ ಪ್ರಶ್ನೆಪತ್ರಿಕೆ ಉರ್ದುವಿನಲ್ಲಿಯೂ ಇದೆ. ಉರ್ದು ಆಯ್ದುಕೊಂಡವರಿಗೆ ಇಂಗ್ಲಿಷ್, ಉರ್ದು ಎರಡೂ ಇರುವ ಪುಸ್ತಿಕೆ ಸಿಗುತ್ತದೆ. ಅನುವಾದದಲ್ಲಿ ಗೊಂದಲವಾದರೆ ಪ್ರಶ್ನೆಯ ಇಂಗ್ಲಿಷ್ ರೂಪವೇ ಅಂತಿಮ. ಉರ್ದು ಆಯ್ದುಕೊಂಡು, ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಓದಿ, ಸಿಕ್ಕಿಹಾಕಿಕೊಂಡಲ್ಲಿ ಮಾತ್ರ ಉರ್ದು ನೋಡಲಿ ಎಂದು ನನ್ನ ಅಭಿಪ್ರಾಯ. ಎರಡೂ ನೋಡುತ್ತಾ ಕೂತರೆ ಹೊತ್ತು ಹೋಗುತ್ತದೆ, ಬರೀ ಇಂಗ್ಲಿಷ್ ತೆಗೆದುಕೊಳ್ಳಲಿ ಎಂದು ಆಪಾ ಅನ್ನುತ್ತಾರೆ. ಹುಡುಗಿ ಇಬ್ಬರ ಮಾತನ್ನೂ ಕೇಳಿಕೊಂಡು, ಹಿಂದಿನ ವರ್ಷಗಳ ಪ್ರಶ್ನೆಗಳನ್ನು ಎರಡೂ ರೀತಿಯಲ್ಲಿ ಗಡಿಯಾರ ಇಟ್ಟುಕೊಂಡು ಬಿಡಿಸಿ ನೋಡುತ್ತೇನೆ ಎಂದಿದ್ದಾಳೆ. ಜೀವಶಾಸ್ತ್ರದ ಭಾಗ ಮುಗಿದಿದೆ, ಅಲ್ಲಿ ಅವಳಿಗೆ ಉರ್ದು ಬೇಕಾಗಲಿಲ್ಲ. ಭೌತಶಾಸ್ತ್ರದ್ದು ಈ ವಾರ ನಡೆದಿದೆ.